ಶುಕ್ರವಾರದೊಳಗ ರೊಕ್ಕ ಹಾಕಬ್ಯಾಡ ಕೂಸ

ಕೂಸ, ನಿನ್ನ ಮೆಸೇಜ್ ಮುಂಜಾನೇನ ಬಂದಿತ್ತು, ಚಷ್ಮಾ ಸಿಕ್ಕಿದ್ದಿಲ್ಲ, ಈಗ ಮಮ್ಮಗನ ಕೈಲಿ ಓದಿಸ್ಕೊಂಡೆ. ಇದನ್ನ ಮಾತಾಡಿ ಹಾಕಾಕತ್ತೀನಿ, ಫೋನ್ ತಾನ ಬರಕೊಳ್ತೈತಿ, ಎಲ್ಲೆರ ತಪ್ಪಿದ್ರ ಹೊಂದಿಸ್ಕೊಂಡ್ ಓದ್ರಿ. ಕಥಿ ಸೆಲೆಕ್ಟ್ ಆಗ್ಯಾವು, 300 ಕಾಪಿಗೆ 38 ಸಾವಿರ ಶುಕ್ರವಾರದೊಳಗ ಹಾಕ್ರಿ, ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ನಂಬರು) ಬ್ಯಾರೆ 5 ಸಾವಿರ ಅಂತ ಆ ಪ್ರಕಾಶಕ ಕೇಳ್ಯಾನ, ಹಾಕ್ಲೋ ಬ್ಯಾಡೋ ಅಂತ ನೀ ಕೇಳೀದಿ, ಗ್ರೂಪಿನ್ಯಾಗ ಎಲ್ಲಾರೂ ಹೂವು ಕಳಿಸಿ ಕಂಗ್ರಾಟ್ಸ್ ಅಂದಾರ, ಉತ್ತರ ಒಬ್ರೂ ಕೊಟ್ಟಿಲ್ಲ. ನಾ ಹೇಳ್ತೀನಿ ಕೇಳು. ಓದಲಾರದ ಯಾವ ಕಾಗದಕ್ಕೂ ಸಹಿ ಹಾಕಬ್ಯಾಡ, ಅಗ್ರಿಮೆಂಟ್ ಕಾಗದ ನಿನ್ನ ಕೈಗೆ ಬರೂಮಟ ಒಂದ್ ರೂಪಾಯಿ ಕಳಿಸಬ್ಯಾಡ.

ನಿಮ್ಮ ದೊಡ್ಡಪ್ಪಾರ ಪುಸ್ತಕದ್ದು ನಿಮಗೆಲ್ಲಾ ಗೊತ್ತೈತಿ, ಆದ್ರ ಅರ್ಧಾನ ಗೊತ್ತೈತಿ. ಸಿಂದಗಿ ಸಾಲಿಯೊಳಗ ಮಾಸ್ತರಿದ್ದಾಗ ರಾತ್ರಿ ಕೂತು ಬರದ ಕಥಿ ಅವು. ಪ್ರಕಾಶಕ ಮನಿಗೇ ಬಂದಿದ್ದ, ಹೆಸರು ಹೇಳಂಗಿಲ್ಲ, ರೊಟ್ಟಿ ಎಣಗಾಯಿ ಹೊಟ್ಟಿ ತುಂಬ ಉಂಡು, ಸಾವಿರ ಪ್ರತಿ ಹಾಕೂಣು ಸರ, ಲೈಬ್ರರಿ ಆರ್ಡರ್ ಬಂತಂದ್ರ ನಿಮ್ಮ ರೊಕ್ಕ ನಿಮಗ ಅಂದ. ನನ್ನ ಬೋರಮಳ ಸರ ಒತ್ತಿ ಇಟ್ಟು ರೊಕ್ಕ ಕೊಟ್ವಿ. ಕಾಗದ ತಂದಿದ್ದ ನೋಡು, ಅದನ್ನ ಮಡಚಿ ಹಿಡದು ಸಹಿ ಜಾಗಾ ಅಷ್ಟ ತೋರ್ಸಿದ. ಬಿಚ್ಚಿ ಓದ್ರೆಲಾ ಅಂತ ನಾ ಒಳಗಿಂದ ಅಂದೆ, ನಮ್ಮ ಮನ್ಯಾಗ ಉಂಡ ಮನಷ್ಯಾನ ಮ್ಯಾಲೆ ಸಂಶೆ ಪಡಬಾರದು ಅಂದ್ರು ಇವ್ರು.

ಸಾವಿರ ಎಲ್ಲಿವು, ಬಸ್ಸಿನ ಮ್ಯಾಲೆ ಬಂದದ್ದು ನಾಕ ಗಂಟು. ಬಿಚ್ಚಿ ನೋಡಿದ್ರ ಒಂದ್ ಫಾರ್ಮ್, ಅಂದ್ರ ಹದಿನಾರು ಪುಟದ ಕಟ್ಟು, ಪೂರ್ತಿ ತಲಿಕೆಳಗ ಹೊಲದಾರ, 49ರಿಂದ 64ನೇ ಪುಟದತನಕ ಓದಬೇಕಂದ್ರ ಪುಸ್ತಕ ತಿರುವಿ ಹಿಡೀಬೇಕು. ಲೈಬ್ರರಿ ಆರ್ಡರ್ ಬಂದಿಲ್ರಿ ಸರ ಅಂತ ಫೋನಿನ್ಯಾಗ ಹೇಳಕೋತನ ಇದ್ದ, ಇಂಡಿ ಲೈಬ್ರರಿಯೊಳಗ ಸಿಕ್ಕಾ ಹೊಡದ ಪುಸ್ತಕ ನಮ್ಮ ಮೈದುನ ಕಣ್ಣಾರೆ ನೋಡಿ ಬಂದ. ಲೈಬ್ರರಿ ಇಲಾಖೆ ಚೆಕ್ಕು ಬರೂದು ಪ್ರಕಾಶಕನ ಹೆಸರಿಗೆ, ಬರದಾಂವಗ ಅಲ್ಲ.

ಅದು ಹೋಗ್ಲಿ. 2013ರಾಗ ನಮ್ಮೂರು ವಿಜಯಪುರದಾಗ 79ನೇ ಸಾಹಿತ್ಯ ಸಮ್ಮೇಳನ ಆತಲ್ಲ, ಒಂದ್ ಮಳಿಗಿಯೊಳಗ ಅದ ಪುಸ್ತಕ, ಬ್ಯಾರೆ ಕವರು. ಒಳಗ ಸಣ್ಣ ಅಕ್ಷರದಾಗ ಎರಡನೇ ಮುದ್ರಣ ಅಂತ, ಅದರ ಕೆಳಗ ಹಕ್ಕು ಪ್ರಕಾಶಕರದು ಅಂತ. ತಮ್ಮ ಪುಸ್ತಕ ತಾವ ರೊಕ್ಕಾ ಕೊಟ್ಟು ತಗೊಂಡ್ ಬಂದ್ರು, ಹತ್ತ್ ಪರ್ಸೆಂಟ್ ಡಿಸ್ಕೌಂಟ್. ಬಾಗಲಕೋಟಿ ವಕೀಲ ಅಳಿಯಾ ಆಮ್ಯಾಲೆ ಆ ಕಾಗದ ನೋಡಿ, ಎಷ್ಟ್ ವರ್ಷಕ್ಕ ಅಂತ ಇದರಾಗ ಬರದಿಲ್ಲ, ಬರೀದಿದ್ರ ಪ್ರಕಾಶಕಗ ಹಕ್ಕು ಐದ ವರ್ಷಕ್ಕ ಅಷ್ಟ, 1957ರ ಕಾಪಿರೈಟ್ ಕಾಯ್ದೆ ಹಂಗ ಐತಿ ಅಂದ. ಅಷ್ಟೊತ್ತಿಗೆ ಆ ಪ್ರಕಾಶಕ ಅಂಗಡಿ ಮುಚ್ಚಿಕೊಂಡು ಹೋಗಿದ್ದ.

ಸಣ್ಣ ಕಾಕಾ ಮ್ಯಾಲೆ ಬರದಾನಲ್ಲ, ಹಳಕಟ್ಟಿಯವರು ಮನಿ ಮಾರಿ ವಚನ ಅಚ್ಚು ಹಾಕಿಸಿದ್ರು, ನೀ 38 ಸಾವಿರಕ್ಕ ಅಂಜಬ್ಯಾಡ ಅಂತ. ಕಾಕಾ, ಅವ್ರು ಹಾಕಿದ್ದು ತಮ್ಮದ ಹಿತಚಿಂತಕ ಪ್ರೆಸ್ಸು, ಇದೇ ವಿಜಯಪುರದಾಗ, ಕಂಡವ್ರ ಕೈಯಾಗ ಗಂಟು ಕೊಟ್ಟು ಕೂತಿದ್ದಿಲ್ಲ. ಹೂವಿನ ಚಿತ್ರ ಹಾಕಿದಷ್ಟು ಸಲೀಸು ಅಲ್ಲ ಇದು. ಕೂಸ, ಮತ್ತ ಹೇಳ್ತೀನಿ, ಕಾಗದ ಓದಲಾರದ ರೊಕ್ಕ ಹಾಕಬ್ಯಾಡ, ಶುಕ್ರವಾರ ಹೋದ್ರ ಹೋಗ್ಲಿ.

ಮತ್ತ ಈ ಗ್ರೂಪಿನ ಮಂದೀನ ನಂಬಿ 300 ಹಾಕಸಬ್ಯಾಡ. ದೊಡ್ಡಪ್ಪಾರ ಪುಸ್ತಕ ಬಿಡುಗಡಿ ದಿನ ಯಾರ್ ಬಂದಿದ್ರಿ ಹೇಳ್ರಿ? ಅವತ್ತ ಬಾಗೇವಾಡ್ಯಾಗ ಸೀಮಂತ ಇತ್ತು, ಎಲ್ಲಾರೂ ಅಲ್ಲೇ ಹೋಳಿಗಿ ಉಣ್ಣಾಕ ಹೋಗಿದ್ರಿ. ಆಮ್ಯಾಲೆ ಒಬ್ಬೊಬ್ಬರ ಬಂದು ನಮಗೊಂದ್ ಕಾಪಿ ಕೊಡ್ರಿ ಅಂದ್ರಿ, ಕೊಟ್ರು, ಬೆಲೆ ಎಷ್ಟು ಅಂತ ಬಾಯಿ ಮಾತಿಗೆರ ಒಬ್ರೂ ಕೇಳಲಿಲ್ಲ. ಗೃಹಪ್ರವೇಶಕ್ಕ ಐದ್ನೂರು ರೂಪಾಯಿ ಶಾಲು ಹೊಚ್ಚೂ ಮಂದಿ, ಅರವತ್ತ್ ರೂಪಾಯಿ ಪುಸ್ತಕಕ್ಕ ಕಿಸೆ ಮುಟ್ಟಲಿಲ್ಲ. ಒಬ್ರ ಮನ್ಯಾಗ ನಾನ ನೋಡೀನಿ, ಟಿವಿ ಸ್ಟ್ಯಾಂಡಿನ ಕಾಲಿಗೆ ಇಟ್ಟಿದ್ರು. ಹೆಸರು ಹೇಳಂಗಿಲ್ಲ, ಅವ್ರೂ ಇದ ಗ್ರೂಪಿನ್ಯಾಗ ಅದಾರ.

ಅಯ್ಯ, ನೀ ಕೇಳಿದ್ದಕ್ಕ ಹೇಳೂದನ್ನ ಮರತೆ. ಐಎಸ್‌ಬಿಎನ್‌ಗೆ ಫೀನ ಇಲ್ಲ ಕೂಸ, ದಿಲ್ಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅಂತ ಕೇಂದ್ರ ಸರ್ಕಾರದ್ದು ಐತಿ, ಆನ್‌ಲೈನ್ ಅರ್ಜಿ ಹಾಕಿದ್ರ ಪುಕ್ಕಟ ಕೊಡ್ತಾರ, ಬರದವ್ರೂ ಸ್ವಂತ ಹಾಕಬಹುದು. ಆ 5 ಸಾವಿರ ಯಾತಕ್ಕ ಅಂತ ಅವಂಗ ಮೊದಲ ಕೇಳು, ಮನಷ್ಯಾ ಹೆಂಗ ಅಂತ ಅದರಾಗ ತಿಳೀತೈತಿ. ಇನ್ನ ಬೆಂಗಳೂರಾಗ ಕನ್ನಡ ಪುಸ್ತಕ ಪ್ರಾಧಿಕಾರ ಐತಿ, ನಿಮ್ಮಂಥ ಹೊಸಬರ ಚೊಚ್ಚಲ ಪುಸ್ತಕಕ್ಕ ಸಹಾಯಧನ ಕೊಡ್ತಾರ, ಪೇಪರಿನ್ಯಾಗ ಪ್ರಕಟಣೆ ಬರ್ತೈತಿ, ವಯಸ್ಸಿನ ಮಿತಿ ನೋಡ್ಕೋ, ಅಚ್ಚಾಗಲಾರದ ಹಸ್ತಪ್ರತಿ ಕೇಳ್ತಾರ, ಈಗ ಗಡಿಬಿಡಿಲೆ ಹಾಕಿಸಿದ್ರ ಆ ದಾರೀನೂ ಹೋತು. ಅಲ್ಲೀಮಟ ಒಂದೆರಡ ಕಥಿ ಮಯೂರಕ್ಕೋ ತುಷಾರಕ್ಕೋ ಕಳಸು.

ಅವನ ಹತ್ರನ ಹಾಕಸ್ತೀನಿ ಅಂದ್ರ, ಎಷ್ಟ್ ಪ್ರತಿ, ಎಷ್ಟ್ ವರ್ಷ, ಎರಡನೇ ಮುದ್ರಣಕ್ಕ ನಿನ್ನ ಒಪ್ಪಿಗಿ, ಲೈಬ್ರರಿ ರೊಕ್ಕದಾಗ ನಿನಗೆಷ್ಟು, ಹಕ್ಕು ನಿನ್ನ ಹೆಸರಲೆ, ಇಷ್ಟೂ ಬರದು ಕೊಡು ಅನ್ನು. ಅಗ್ರಿಮೆಂಟ್ ಫೋಟೊ ಬಾಗಲಕೋಟಿ ಅಳಿಯಾಗ ಕಳಸು, ಗ್ರೂಪಿಗೆ ಹಾಕಬ್ಯಾಡ, ಇಲ್ಲಿ ಮತ್ತ ಹೂವ ಬರ್ತಾವು.