ಏಳು ವರ್ಷದ ಮಗನಿಗೆ ಖಾಸಗಿ ಸ್ಪೆಷಲ್ ಸ್ಕೂಲ್: ಸೇರಿಸುವ ಮುಂಚೆ ಏನೇನು ಕೇಳಬೇಕು?

ಮನೆ ಬೆಂಗಳೂರಿನ ವಿಜಯನಗರದಲ್ಲಿ. ಮಗನಿಗೆ ಆಟಿಸಂ, ಆಡುವುದು ನಾಲ್ಕೈದು ಪದ. ಈಗಿನ ಶಾಲೆಯವರು ಬೇರೆ ಕಡೆ ನೋಡಿಕೊಳ್ಳಿ ಅಂದಿದ್ದಾರೆ. ಸ್ಪೆಷಲ್ ಸ್ಕೂಲ್‌ಗೆ ಹೋದಾಗ ಏನು ನೋಡಬೇಕು? ತಿಳಿದವರು ಹೇಳಿ.

ವಿಶೇಷ ಶಿಕ್ಷಕಿ, ಜಯನಗರ:
ಶಾಲೆಯವರು ಕಟ್ಟಡ, ಸೆನ್ಸರಿ ರೂಮು (ಸ್ಪರ್ಶ, ಬೆಳಕು, ಸದ್ದಿನ ಚಟುವಟಿಕೆಗಳ ಕೋಣೆ) ತೋರಿಸುತ್ತಾರೆ. ನೀವು ಐಇಪಿ, ಅಂದರೆ ಒಂದೊಂದು ಮಗುವಿಗೂ ಪ್ರತ್ಯೇಕವಾಗಿ ಬರೆಯುವ ಕಲಿಕೆಯ ಯೋಜನೆ, ಕೇಳಿ ಮೇಡಂ. ಹೆಸರು ಮುಚ್ಚಿ ಹಳೆಯದೊಂದು ತೋರಿಸಲಿ. ‘ಸಂವಹನ ಸುಧಾರಿಸುವುದು’ ಅಂತಷ್ಟೇ ಇದ್ದರೆ ಅದು ಗುರಿಯೇ ಅಲ್ಲ. ‘ನೀರು ಬೇಕಾದಾಗ ಚಿತ್ರದ ಕಾರ್ಡ್ ತೆಗೆದು ಟೀಚರ್ ಕೈಗೆ ಕೊಡುವುದು, ಹತ್ತು ಸಲಕ್ಕೆ ಎಂಟು ಸಲ, ಯಾರೂ ನೆನಪಿಸದೆ’ ಅಂತಿದ್ದರೆ ಮೂರು ತಿಂಗಳಿಗೆ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ಟೀಚರ್‌ಗಳ ಆರ್‌ಸಿಐ (ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ, ಅವಧಿ ಮುಗಿದಿಲ್ಲವೆಂದು ನೋಡಿ.

ಹೆಚ್ಚಾಗಿ ಎಡವುವುದು ಥೆರಪಿಯಲ್ಲಿ. ಸ್ಪೀಚ್ ಥೆರಪಿಸ್ಟ್ ಬೇರೆ ಕೋಣೆಯಲ್ಲಿ ಕಲಿಸುತ್ತಾರೆ, ಕ್ಲಾಸ್ ಟೀಚರ್‌ಗೆ ಏನು ಕಲಿಸಿದರೆಂದು ಗೊತ್ತಿರುವುದಿಲ್ಲ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು ಈ ಮಕ್ಕಳಿಗೆ ಸುಲಭವಲ್ಲ. ಅಲ್ಲಿ ಕಾರ್ಡ್ ಕೊಟ್ಟ ಮಗು ಊಟದ ಹೊತ್ತಿಗೆ ಅಳುತ್ತದೆ. ಅದೇ ಕಾರ್ಡುಗಳು ತರಗತಿಗೂ ಮನೆಗೂ ಬರಬೇಕು. ಮನೆಮಾತು ಕನ್ನಡವಾದರೆ ‘ನೀರು’ ಎಂದೇ ಕಲಿಸಲಿ. ಇದನ್ನು ಪಟ್ಟುಹಿಡಿದು ಕೇಳಿ.

ಒಬ್ಬ ತಂದೆ, ರಾಜಾಜಿನಗರ:
ವ್ಯಾನು ಯಾವ ಕ್ರಮದಲ್ಲಿ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆಂದು ಕೇಳಿ. ಮೊದಲು ಹತ್ತಿದ ಮಗು ಟ್ರಾಫಿಕ್‌ನಲ್ಲಿ ಕೂತು ಕೂತು ಶಾಲೆ ಮುಟ್ಟುವಷ್ಟರಲ್ಲಿ ಸುಸ್ತಾಗಿರುತ್ತದೆ, ಬೆಳಗಿನ ಪಾಠ ವ್ಯರ್ಥ. ಇಂದಿರಾನಗರದಲ್ಲಿ ಇಂಥ ಮಕ್ಕಳಿಗೆ ಶಾಲೆ, ಥೆರಪಿ ನಡೆಸುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಕಡೆಯೂ ವಿಚಾರಿಸುವುದಾದರೆ, ನಿಮ್ಮಲ್ಲಿಂದ ನೇರಳೆ ಮೆಟ್ರೋ ನೇರ ಹೋಗುತ್ತದೆ. ಟಾಯ್ಲೆಟ್‌ಗೆ ಯಾರು ಕರೆದೊಯ್ಯುತ್ತಾರೆ, ಥೆರಪಿ ಫೀಸು ಬೇರೆಯೋ, ಥೆರಪಿಸ್ಟ್ ರಜೆಯಾದರೆ ಆ ಸೆಷನ್ ಮತ್ತೆ ಸಿಗುತ್ತದೋ, ಇವನ್ನೆಲ್ಲ ಬರೆಸಿಕೊಳ್ಳಿ. ಥೆರಪಿಗೆ ಪ್ರತ್ಯೇಕ ಬಿಲ್ ಪಡೆಯಿರಿ. ಅಂಗವಿಕಲರಿಗಾಗಿ ಇರುವ ಕೇಂದ್ರದ ನಿರಾಮಯ ಆರೋಗ್ಯ ವಿಮೆಯಲ್ಲಿ ಎಲ್ಲ ಚಿಕಿತ್ಸೆ ಸೇರಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಆಟಿಸಂ ಅದರಲ್ಲಿ ಸೇರುತ್ತದೆ.

ಕೇಳಿದವರು:
ಈಗಿನ ಶಾಲೆ ‘ಸ್ವಇಚ್ಛೆಯಿಂದ ಬಿಡಿಸುತ್ತಿದ್ದೇವೆ’ ಅಂತ ಬರೆದುಕೊಡಿ ಅನ್ನುತ್ತಿದೆ. ಕೊಡಲೇ?

ಪೋಷಕರ ಗುಂಪಿನಿಂದ, ಬಸವನಗುಡಿ:
ಕೊಡಬೇಡಿ. ಹೊರಗೆ ಕಳಿಸುವ ಕಾರಣವನ್ನು ಅವರೇ ಬರೆದುಕೊಡಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲೋ ತಾನು ಆರಿಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ವೈಕಲ್ಯದ ಪ್ರಮಾಣ ತೋರಿಸುವ ಸರ್ಕಾರಿ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಹೊಸ ಶಾಲೆಯ ನೋಂದಣಿ ಪತ್ರವನ್ನೂ ನೋಡಿ. ಅದೇ ಕಾಯ್ದೆಯ 50ನೇ ಸೆಕ್ಷನ್‌ನಂತೆ ನೋಂದಣಿ ಕಡ್ಡಾಯ. ಅಲ್ಲಿ ಸೀಟು ಖಚಿತವಾಗುವವರೆಗೆ ಇಲ್ಲಿಂದ ಟಿಸಿ ತೆಗೆಯಬೇಡಿ.