ಮಾಲೀಕರಿಗೆ ಜಿಎಸ್‌ಟಿ ನಂಬರ್ ಇಲ್ಲ, ಅಂಗಡಿ ಬಾಡಿಗೆಗೆ ಆರ್‌ಸಿಎಂ ಕಟ್ಟೋದು ಹೇಗೆ?

ಹಾರ್ಡ್‌ವೇರ್_ದಾವಣಗೆರೆ:
ಹಾರ್ಡ್‌ವೇರ್ ಅಂಗಡಿ, ರೆಗ್ಯುಲರ್ ಜಿಎಸ್‌ಟಿ, ಪ್ರತಿ ತಿಂಗಳು ರಿಟರ್ನ್. ಮಳಿಗೆ ಬಾಡಿಗೆ ತಿಂಗಳಿಗೆ 32,000. ಮಾಲೀಕರು ನಿವೃತ್ತ ನೌಕರರು, ಜಿಎಸ್‌ಟಿ ನೋಂದಣಿ ಇಲ್ಲ, ಬಿಲ್ಲೂ ಕೊಡುವುದಿಲ್ಲ. 2024ರ ಅಕ್ಟೋಬರ್‌ನಿಂದ ಇಂಥ ಬಾಡಿಗೆಗೆ ಬಾಡಿಗೆದಾರನೇ ತೆರಿಗೆ ಕಟ್ಟಬೇಕು (ಇದೇ ಆರ್‌ಸಿಎಂ, ಅಂದರೆ ರಿವರ್ಸ್ ಚಾರ್ಜ್) ಎನ್ನುತ್ತಾರೆ. ಈವರೆಗೆ ಕಟ್ಟಿಲ್ಲ. ನನ್ನ ಪ್ರಶ್ನೆಗಳು:
1. ಐಟಿಸಿ (ಖರೀದಿಗೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್) ಬ್ಯಾಲೆನ್ಸ್ ಬೇಕಾದಷ್ಟಿದೆ, ಅದರಲ್ಲೇ ಮುರಿದುಕೊಳ್ಳಬಹುದಾ?
2. ಹಳೇ ಬಾಕಿ ಏನು ಮಾಡುವುದು?
3. ಇದೇ ಬಾಡಿಗೆಗೆ ಟಿಡಿಎಸ್ (ಬಾಡಿಗೆ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಕೂಡ ಹಿಡಿಯಬೇಕಾ?
ಪಕ್ಕದ ದರ್ಶಿನಿಯವರದೂ ಇದೇ ಕಥೆ, ಅವರ ಪರವಾಗಿಯೂ ಕೇಳುತ್ತಿದ್ದೇನೆ.

ಲೆಕ್ಕದ_ಪುಸ್ತಕ:
ಹೌದು, ಕಟ್ಟಬೇಕು. 2024ರ ಅಕ್ಟೋಬರ್ 10ರಿಂದ ಜಾರಿಯಲ್ಲಿದೆ. ನೋಂದಣಿ ಇಲ್ಲದವರು ನೋಂದಣಿ ಇರುವವರಿಗೆ ವಾಸದ ಮನೆ ಬಿಟ್ಟು ಬೇರೆ ಯಾವ ಕಟ್ಟಡ, ಗೋದಾಮು, ಜಾಗ ಬಾಡಿಗೆಗೆ ಕೊಟ್ಟರೂ ಶೇ. 18 ತೆರಿಗೆ ಬಾಡಿಗೆದಾರನ ತಲೆಗೆ. ಇದಕ್ಕೆ ಕನಿಷ್ಠ ಮೊತ್ತ ಅಂತಿಲ್ಲ, 5,000 ಬಾಡಿಗೆಯ ಗೋದಾಮಿಗೂ ಅನ್ವಯ. 2025ರ ಸೆಪ್ಟೆಂಬರ್ 22ರ ದರ ಇಳಿಕೆಯಲ್ಲೂ ಇದು ಕಡಿಮೆ ಆಗಿಲ್ಲ.

ನಿಮ್ಮ ಲೆಕ್ಕ: 32,000ಕ್ಕೆ 5,760. ಅದರಲ್ಲಿ ಸಿಜಿಎಸ್‌ಟಿ 2,880, ಎಸ್‌ಜಿಎಸ್‌ಟಿ 2,880. ಐಟಿಸಿಯಲ್ಲಿ ಮುರಿದುಕೊಳ್ಳಲು ಬರುವುದಿಲ್ಲ. ಚಲನ್ ಮಾಡಿ ಜಿಎಸ್‌ಟಿ ಪೋರ್ಟಲ್‌ನ ಕ್ಯಾಶ್ ಲೆಡ್ಜರ್‌ಗೆ (ನಗದು ಖಾತೆಗೆ) ದುಡ್ಡು ಹಾಕಿಯೇ ಕಟ್ಟಬೇಕು. ಕಟ್ಟಿದ್ದನ್ನು ಅದೇ ತಿಂಗಳ ರಿಟರ್ನ್‌ನಲ್ಲಿ ಐಟಿಸಿಯಾಗಿ ತೆಗೆದುಕೊಳ್ಳಬಹುದು. ಹಾಗಾಗಿ ಹಾರ್ಡ್‌ವೇರ್‌ನವರಿಗೆ ಇದು ನಷ್ಟವಲ್ಲ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಈಸಿಕೊಂಡ ಹಾಗೆ.

ಪ್ರತಿ ತಿಂಗಳ ಕೆಲಸ ಹೀಗೆ. ಮಾಲೀಕರ ಹೆಸರಲ್ಲಿ ನೀವೇ ಒಂದು ಸೆಲ್ಫ್ ಇನ್‌ವಾಯ್ಸ್ (ಬಿಲ್) ಮಾಡಿಕೊಳ್ಳಿ, ಎಸ್‌ಎಸಿ (ಸೇವೆಯ) ಕೋಡ್ 997212. ನಂಬರ್ ಸರಣಿ ನಿಮ್ಮ ಮಾರಾಟದ ಬಿಲ್ಲಿನದ್ದಲ್ಲ, ಬೇರೆಯೇ ಇರಲಿ. 2024ರ ನವೆಂಬರ್ 1ರಿಂದ ಇದಕ್ಕೆ 30 ದಿನಗಳ ಗಡುವಿದೆ. ಬಾಡಿಗೆ ಕೊಟ್ಟ ದಿನ ಪೇಮೆಂಟ್ ವೋಚರ್ ಬರೆಯಿರಿ. ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯಲ್ಲಿ ತೆರಿಗೆ 3.1(ಡಿ) ಕಾಲಂಗೆ, ಐಟಿಸಿ 4(ಎ)(3)ಕ್ಕೆ. ತುಂಬಾ ಜನ ಇದನ್ನು 4(ಎ)(5)ರಲ್ಲಿ, ಉಳಿದ ಖರೀದಿ ಜೊತೆ ಸೇರಿಸಿಬಿಡುತ್ತಾರೆ. ಆಗ 2ಬಿಗೆ (ಪೋರ್ಟಲ್ ತಾನೇ ತಯಾರಿಸುವ ಐಟಿಸಿ ಪಟ್ಟಿಗೆ) ತಾಳೆ ಆಗದೆ ವ್ಯತ್ಯಾಸದ ನೋಟಿಸ್ ಬರುತ್ತದೆ. ಪೋರ್ಟಲ್‌ನಲ್ಲಿ ಈಗ ಆರ್‌ಸಿಎಂಗೇ ಪ್ರತ್ಯೇಕ ಸ್ಟೇಟ್‌ಮೆಂಟ್ ಇದೆ, ಕಟ್ಟಿದ್ದಕ್ಕಿಂತ ಹೆಚ್ಚು ಐಟಿಸಿ ತೆಗೆದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಜಿಎಸ್‌ಟಿಆರ್-1ರ (ಮಾರಾಟದ ರಿಟರ್ನ್) 13ನೇ ಟೇಬಲ್‌ನಲ್ಲಿ ಈ ಸೆಲ್ಫ್ ಇನ್‌ವಾಯ್ಸ್ ಸಂಖ್ಯೆಗಳನ್ನೂ ಕಾಣಿಸಬೇಕು. ಅದನ್ನು ಯಾರೂ ತುಂಬುವುದೇ ಇಲ್ಲ.

ಹಳೇ ಬಾಕಿ: ಪ್ರತಿ ತಿಂಗಳದ್ದನ್ನೂ ಬೇರೆಬೇರೆ ಲೆಕ್ಕ ಹಾಕಿ, ಮುಂದಿನ 3ಬಿಯಲ್ಲಿ 3.1(ಡಿ)ಗೆ ಸೇರಿಸಿ ಕಟ್ಟಿ. ವರ್ಷಕ್ಕೆ ಶೇ. 18 ಬಡ್ಡಿ, ಅದು 5.1ರಲ್ಲಿ. ಒಂದು ತಿಂಗಳ 5,760 ಒಂದು ವರ್ಷ ತಡವಾದರೆ ಬಡ್ಡಿಯೇ ಸುಮಾರು 1,037. ಬಡ್ಡಿಗೆ ಐಟಿಸಿ ಇಲ್ಲ, ಅದಷ್ಟೇ ನಿಮ್ಮ ಕೈಯಿಂದ ಹೋಗುವುದು. ತೆರಿಗೆಯ ಐಟಿಸಿ ಅವಧಿ ಮೀರಿತು ಅಂತ ಗಾಬರಿ ಬೇಡ. ನೋಂದಣಿ ಇಲ್ಲದವರಿಂದ ಪಡೆದ ಸೇವೆಗೆ ಸೆಲ್ಫ್ ಇನ್‌ವಾಯ್ಸ್ ಮಾಡಿದ ವರ್ಷವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದು 2024ರ ಜೂನ್‌ನ 211ನೇ ಸುತ್ತೋಲೆ ಹೇಳಿದೆ.

ಮಂಡಿಪೇಟೆ:
ದರ್ಶಿನಿಯವರ ವಿಷಯ ಬೇರೆ. ಹೋಟೆಲ್‌ನವರು ಶೇ. 5 ಹಾಕುವುದು ಐಟಿಸಿ ಬಿಟ್ಟುಕೊಡುವ ಷರತ್ತಿನ ಮೇಲೆ. ಅವರು ಕಟ್ಟುವ ಆರ್‌ಸಿಎಂ ವಾಪಸ್ ಬರುವುದಿಲ್ಲ. 32,000 ಬಾಡಿಗೆ ಎಂದರೆ ಅವರಿಗೆ 37,760. ಬಾಡಿಗೆ ಚೌಕಾಸಿ ಮಾಡುವಾಗ ಇದನ್ನು ಮುಂದಿಟ್ಟುಕೊಂಡೇ ಮಾತಾಡಬೇಕು. ಅವರು ಕಾಂಪೊಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಸ್ಕೀಮ್) 2025ರ ಜನವರಿ 16ರಿಂದ ಈ ಆರ್‌ಸಿಎಂ ಇಲ್ಲ.

ಇನ್ನೊಂದು. ಮಾಲೀಕರ ಬಾಡಿಗೆ ಆದಾಯ ಎಲ್ಲಾ ಸೇರಿ ವರ್ಷಕ್ಕೆ 20 ಲಕ್ಷ ದಾಟಿದರೆ ಅವರೇ ನೋಂದಣಿ ಮಾಡಿಸಬೇಕು, ಆಮೇಲೆ ನಿಮಗೆ ಆರ್‌ಸಿಎಂ ತಲೆನೋವೇ ಇರಲ್ಲ.

ಲೆಕ್ಕದ_ಪುಸ್ತಕ:
@ಮಂಡಿಪೇಟೆ, ಕೊನೇ ಮಾತು ಅರ್ಧ ಸರಿ. ಮಾಲೀಕರ ಎಲ್ಲಾ ಬಾಡಿಗೆದಾರರೂ ಆರ್‌ಸಿಎಂ ಕಟ್ಟುವವರೇ ಆಗಿದ್ದರೆ 20 ಲಕ್ಷ ದಾಟಿದರೂ ನೋಂದಣಿ ಬೇಕಿಲ್ಲ, 2017ರ 5ನೇ ಅಧಿಸೂಚನೆಯಲ್ಲಿ ವಿನಾಯಿತಿ ಇದೆ. ಆದರೆ ನೋಂದಣಿ ಇಲ್ಲದ ಸೆಲೂನ್‌ನವರಿಗೋ ಟೈಲರ್‌ಗೋ ಒಂದೇ ಒಂದು ಮಳಿಗೆ ಕೊಟ್ಟಿದ್ದರೂ ಈ ವಿನಾಯಿತಿ ಹೋಯಿತು. ಆಗ 20 ಲಕ್ಷದ ಮಿತಿಗೆ ವಾಸದ ಮನೆಗಳ ಬಾಡಿಗೆಯೂ ಸೇರುತ್ತದೆ. ಕಾಂಪ್ಲೆಕ್ಸ್ ಇರುವ ಮಾಲೀಕರು ಎಡವುವುದು ಇಲ್ಲೇ.

ಟ್ಯಾಕ್ಸ್_ಗುಮಾಸ್ತ:
ಟಿಡಿಎಸ್ ಪ್ರಶ್ನೆಗೆ: ಬೇಡ. 2025ರ ಏಪ್ರಿಲ್ 1ರಿಂದ ಮಿತಿ ತಿಂಗಳಿಗೆ 50,000. ಅದಕ್ಕೆ ಮುಂಚೆ ವರ್ಷಕ್ಕೆ 2.4 ಲಕ್ಷ ಇತ್ತು. ನಿಮ್ಮ ಬಾಡಿಗೆ ವರ್ಷಕ್ಕೆ 3.84 ಲಕ್ಷ ಆಗುವುದರಿಂದ, ವಹಿವಾಟು ಕೋಟಿ ದಾಟಿದ್ದರೆ 2024-25ರವರೆಗೆ ಶೇ. 10 ಹಿಡಿಯಬೇಕಿತ್ತು. ಆ ವರ್ಷದ ಲೆಕ್ಕ ಒಮ್ಮೆ ನೋಡಿಕೊಳ್ಳಿ.

50,000 ದಾಟುವವರಿಗೆ ಎರಡು ದಾರಿ. ಸಂಸ್ಥೆ ಅಥವಾ ಕಂಪನಿ, ಇಲ್ಲವೇ ಹಿಂದಿನ ವರ್ಷ ಕೋಟಿ ದಾಟಿದ ವ್ಯಾಪಾರಿ ಆಗಿದ್ದರೆ ಪ್ರತಿ ತಿಂಗಳು ಶೇ. 10. ಅದಕ್ಕಿಂತ ಸಣ್ಣ ವ್ಯಾಪಾರಿಗಳು ಶೇ. 2, ಅದೂ ಮಾರ್ಚ್‌ನಲ್ಲಿ ಅಥವಾ ಖಾಲಿ ಮಾಡುವ ತಿಂಗಳಲ್ಲಿ ಒಂದೇ ಸಲ. 60,000 ಬಾಡಿಗೆಗೆ ಇಡೀ ವರ್ಷದ್ದು 14,400. ಇವರಿಗೆ ಟ್ಯಾನ್ ನಂಬರ್ (ಟಿಡಿಎಸ್ ಹಿಡಿಯುವವರ ನಂಬರ್) ಬೇಕಿಲ್ಲ, ಪ್ಯಾನ್ ಸಾಕು. ಅಣ್ಣತಮ್ಮಂದಿರ ಜಂಟಿ ಆಸ್ತಿಯಾಗಿದ್ದು ಪಾಲು ಖಚಿತವಿದ್ದರೆ ಮಿತಿ ಒಬ್ಬೊಬ್ಬರಿಗೂ ಬೇರೆ. ಟಿಡಿಎಸ್ ಹಿಡಿಯುವುದು ಬರೀ ಬಾಡಿಗೆ ಮೇಲೆ, ಜಿಎಸ್‌ಟಿ ಸೇರಿಸಿ ಅಲ್ಲ.

ಹಾರ್ಡ್‌ವೇರ್_ದಾವಣಗೆರೆ:
ಧನ್ಯವಾದ ಸರ್. ಅಡ್ವಾನ್ಸ್ 3 ಲಕ್ಷ ಕೊಟ್ಟಿದ್ದೇವೆ, ಕರೆಂಟ್ ಬಿಲ್ ಬೇರೆ, ಪಾಲಿಕೆ ಕಂದಾಯವನ್ನೂ ನಾವೇ ಕಟ್ಟುತ್ತೇವೆ. ಇವುಗಳಿಗೂ ಶೇ. 18 ಹಾಕಬೇಕಾ?

ಲೆಕ್ಕದ_ಪುಸ್ತಕ:
ವಾಪಸ್ ಬರುವ ಅಡ್ವಾನ್ಸ್‌ಗೆ ಇಲ್ಲ. ಖಾಲಿ ಮಾಡುವಾಗ ಬಾಡಿಗೆಗೆ ಮುರಿದುಕೊಂಡರೆ, ಮುರಿದುಕೊಂಡಷ್ಟಕ್ಕೆ ಆಗ ಬರುತ್ತದೆ. ಕರೆಂಟ್ ನಿಮ್ಮ ಮಳಿಗೆಯದೇ ಆರ್‌ಆರ್ ನಂಬರಿಗೆ ನೀವೇ ನೇರ ಕಟ್ಟುತ್ತಿದ್ದರೆ ಅದು ಬಾಡಿಗೆಯ ಭಾಗವಲ್ಲ. ಮಾಲೀಕರು ಬಾಡಿಗೆ ಜೊತೆ ಒಂದೇ ಮೊತ್ತವಾಗಿ ತೆಗೆದುಕೊಂಡರೆ ಪೂರ್ತಿಗೂ ಶೇ. 18. ಕಂದಾಯ ಮಾತ್ರ ಮಾಲೀಕರ ಹೊಣೆ, ಅದನ್ನು ಅವರ ಪರವಾಗಿ ನೀವು ಕಟ್ಟಿದರೆ ಬಾಡಿಗೆಗೆ ಸೇರಿತು. ಕಟ್ಟಿದ ತಿಂಗಳ ಸೆಲ್ಫ್ ಇನ್‌ವಾಯ್ಸ್‌ಗೆ ಅದನ್ನೂ ಸೇರಿಸಿಬಿಡಿ.