ಸಹಾಯ ಬೇಕು: ಅಪಾರ್ಟ್‌ಮೆಂಟ್ ಬಾಗಿಲಿಗೆ ಬೀಗದ ಬದಲು ಕಾರ್ಡ್

ನಮಸ್ಕಾರ. ಮೈಸೂರಿನಲ್ಲಿ ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ಕೆಳಗಿನ ಬಾಗಿಲಿಗೆ ಒಂದೇ ಬೀಗ, ಎಲ್ಲರ ಹತ್ತಿರವೂ ಅದರ ಕೀ. ಹೋದ ತಿಂಗಳು ಎರಡನೇ ಮಹಡಿಯ ಅಜ್ಜಿಯ ಕೀಗೊಂಚಲು ಸಂತೆಯಲ್ಲಿ ಕಳೆದುಹೋಯಿತು. ಬೀಗವನ್ನೇ ಬದಲಿಸಿ, ಎಲ್ಲರಿಗೂ ಹೊಸ ಕೀ ಮಾಡಿಸಿದೆವು. ಪಾಪ, ಅಜ್ಜಿ ಇನ್ನೂ ಬೇಜಾರು ಮಾಡಿಕೊಳ್ಳುತ್ತಾರೆ.

ಕಾರ್ಡ್ ಆದರೆ ಕಳೆದದ್ದನ್ನು ಮಾತ್ರ ರದ್ದು ಮಾಡಬಹುದು, ಅಲ್ವಾ? 125 ಕಿಲೋಹರ್ಟ್ಸ್‌ನ ಮಾಮೂಲಿ ಕಾರ್ಡ್ ಅಗ್ಗ, ಆದರೆ ನಕಲು ಮಾಡುವುದು ತುಂಬಾ ಸುಲಭ. ಅದಕ್ಕೇ ನನಗೆ ಡೆಸ್‌ಫೈರ್ ಅನ್ನೋ, ನಕಲು ಮಾಡಲು ಕಷ್ಟವಾದ ಕಾರ್ಡೇ ವಾಸಿ ಅನಿಸುತ್ತದೆ.

ಜಾಸ್ತಿ ಚಿಂತೆ ಕರೆಂಟಿನದು. ಕಾರ್ಡ್ ಹಾಕಿಸಿದರೆ ಬಾಗಿಲನ್ನು ಹಿಡಿದಿಡುವುದು ಕರೆಂಟಿನಿಂದ ನಡೆಯುವ ಮ್ಯಾಗ್ನೆಟ್ ಲಾಕ್; ಕರೆಂಟ್ ಹೋದರೆ ಅದು ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಅದೇ ಜೀವ ಉಳಿಸುತ್ತದೆ, ರಾತ್ರಿ ಹೊತ್ತು ಅದೇ ಭಯ. ಎಷ್ಟು ತಾಸಿನ ಬ್ಯಾಟರಿ ಹಾಕಿಸಿದ್ದೀರಿ? ಹಳೇ ಬೀಗವನ್ನೂ ಇಟ್ಟುಕೊಂಡಿದ್ದೀರಾ? ಹಾಕಿಸಿದವರು ದಯವಿಟ್ಟು ತಿಳಿಸಿ. ಭಾನುವಾರ ಮೀಟಿಂಗ್ ಇದೆ.